ಬೇಕಂತಲೇ ಉಲ್ಟಾ ಮಾಡಿದ ಕೇಬಲ್ಲು

ಒಬ್ಬ ಮನುಷ್ಯನ ನೆಲವನ್ನು ನಾನು ಹನ್ನೊಂದು ತಿಂಗಳು ಗುಡಿಸಿದೆ. ಹೊಟ್ಟೆಗಿಲ್ಲದೆ ಗುಡಿಸಿದ್ದಲ್ಲ. ಅವನು ಜನರ ಮುಂದೆ ನನ್ನ ಹೆಸರು ಕೆಡಿಸಿದ್ದ. ಅದೇ ಜನರ ಮುಂದೆ ಅವನ ಮೂತಿ ಸಣ್ಣದಾಗುವುದನ್ನು ನಾನು ನೋಡಬೇಕಿತ್ತು. ಅದಕ್ಕೆ ಗುಡಿಸಿದೆ. ಇದನ್ನು ಬರೆಯಲು ನನಗೆ ನಾಚಿಕೆ ಇಲ್ಲ.

ನನ್ನ ಕೆಲಸ ಮೈಕಿನ ಕೇಬಲ್ಲು ಮಾಡುವುದು. ಪುಣೆಯ ಖಡಕಿಯಲ್ಲಿ ನನ್ನ ಗಂಡನದು ಮೈಕ್ ಸೆಟ್ಟಿನ ಅಂಗಡಿ ಇತ್ತು. ಮದುವೆ, ಗಣಪತಿ ಮಂಡಳ, ಫ್ಯಾಕ್ಟರಿ ಕ್ವಾರ್ಟರ್ಸಿನವರ ತೊಟ್ಟಿಲ ಕಾರ್ಯ, ಎಲ್ಲಕ್ಕೂ ನಮ್ಮದೇ ಸೆಟ್ಟು. ನಾನು ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದಾಗ ಮೂರನೇ ಇಯತ್ತೆಯ ತನಕ ಓದಿದ್ದೆ. ಅಂಕಿ ಗೊತ್ತಿತ್ತು, ಬಣ್ಣ ಗೊತ್ತಿತ್ತು. ಕೇಬಲ್ಲಿಗೆ ಅಷ್ಟು ಸಾಕು.

ಮೈಕಿನ ಕೇಬಲ್ಲಿನ ತುದಿಯಲ್ಲಿ ಮೂರು ಕಾಲುಗಳಿರುತ್ತವೆ. ಒಂದನೆಯದು ಅರ್ಥಿಂಗು. ಸದ್ದು ಹರಿಯುವುದು ಎರಡು ಮತ್ತು ಮೂರರಲ್ಲಿ. ಈ ತುದಿಯ ಎರಡು ಆ ತುದಿಯ ಎರಡಕ್ಕೇ ಹೋಗಬೇಕು, ಮೂರು ಮೂರಕ್ಕೆ. ಅದಲುಬದಲಾದರೆ ಕೇಬಲ್ಲು ಉಲ್ಟಾ. ಉಲ್ಟಾ ಕೇಬಲ್ಲಿನಲ್ಲೂ ಸದ್ದು ಬರುತ್ತದೆ, ಅದೇ ಅದರ ಕೆಟ್ಟತನ. ಒಂದೇ ಮೈಕ್ ಇದ್ದರೆ ದೇವರಿಗೂ ಗೊತ್ತಾಗುವುದಿಲ್ಲ. ಎರಡು ಮೈಕುಗಳು ಒಂದೇ ಸದ್ದನ್ನು ಹಿಡಿಯುವಾಗ ಬಣ್ಣ ಬಯಲಾಗುತ್ತದೆ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ನಡುವೆ ಸದ್ದಿನ ಹೊಟ್ಟೆಯೇ ಮಾಯವಾಗುತ್ತದೆ. ಖಾಲಿ ಡಬ್ಬಿ ಬಡಿದಂತೆ ಕೇಳಿಸುತ್ತದೆ.

ಈ ತಪ್ಪು ಕೇಬಲ್ಲು ಮಾಡುವವರಿಂದಲೇ ಆಗುತ್ತದೆ. ಒಂದು ತುದಿ ಗಂಡು, ಒಂದು ತುದಿ ಹೆಣ್ಣು. ಗಂಡಿನಲ್ಲಿ ಎಡಕ್ಕಿರುವ ಕಾಲು ಹೆಣ್ಣಿನಲ್ಲಿ ಬಲಕ್ಕಿರುತ್ತದೆ, ಕನ್ನಡಿಯಲ್ಲಿದ್ದ ಹಾಗೆ. ಗಣಪತಿ ಸೀಸನ್ನಿನಲ್ಲಿ ನಾನೂ ಗಂಡನೂ ಹಲಗೆಯ ಮುಂದೆ ಎದುರುಬದುರು ಕೂತು ಆ ತುದಿ ಅವನು, ಈ ತುದಿ ನಾನು ಬೆಸೆಯುತ್ತಿದ್ದೆವು. ಅವನು ಅಂಕಿ ನೋಡುತ್ತಿರಲಿಲ್ಲ. ನನ್ನ ಕೈ ನೋಡಿ, ನಾನು ಎಡಕ್ಕಿಟ್ಟದ್ದನ್ನು ತಾನೂ ಎಡಕ್ಕಿಡುತ್ತಿದ್ದ. ಒಂದು ಮಂಡಳದಲ್ಲಿ ಇಬ್ಬರು ಹಾಡುವವರು ಜೊತೆಗೆ ನಿಂತಾಗ ಇಬ್ಬರ ದನಿಯೂ ತೆಳ್ಳಗಾಗಿ, ಜನ ಬೈದು, ಆಮೇಲೆ ಗೊತ್ತಾಯಿತು. ಅವತ್ತೇ ಅವನನ್ನು ಹಲಗೆಯಿಂದ ಎಬ್ಬಿಸಿದೆ. ಎರಡೂ ತುದಿಯನ್ನು ಒಂದೇ ಕೈ ಬೆಸೆಯಬೇಕು, ಕೆಂಪು ತಂತಿ ಎರಡಕ್ಕೆ, ಬಿಳಿ ಮೂರಕ್ಕೆ. ಆಮೇಲೆ ಟಾರ್ಚಿನ ಸೆಲ್ಲು ಮತ್ತು ಒಂದು ಪುಟ್ಟ ಬಲ್ಬು ಹಚ್ಚಿ ಒಂದೊಂದು ಕಾಲನ್ನೂ ನೋಡಬೇಕು. ನೋಡಿ ಮುಗಿದ ಕೇಬಲ್ಲಿಗೆ ಮಾತ್ರ ಹಸಿರು ದಾರ ಸುತ್ತುತ್ತಿದ್ದೆ. ಗಂಡ ಸತ್ತ ಮೇಲೆ ಸ್ಪೀಕರುಗಳು ಗುಜರಿಗೆ ಹೋದವು. ಹಲಗೆ ಉಳಿಯಿತು, ನಾನು ಉಳಿದೆ. ಪುಣೆಯ ಸೌಂಡಿನವರು ಹಸಿರು ದಾರದ ಕೇಬಲ್ಲು ಬೇಕೆಂದು ಹುಡುಕಿಕೊಂಡು ಬರುತ್ತಿದ್ದರು. ನನ್ನ ಹೆಸರು ಅಂದರೆ ಅಷ್ಟೇ. ಬೇರೆ ಆಸ್ತಿ ಇಲ್ಲ.

ಕೋಥರೂಡಿನಲ್ಲಿ ಮಂಗಳೂರು ಕಡೆಯವರ ಒಂದು ಹೋಟೆಲ್ಲಿದೆ. ಮೇಲೆ ಇಡ್ಲಿ ವಡೆ. ಕೆಳಗೆ ಅಕ್ಕಿ ಮೂಟೆ ಇಡುತ್ತಿದ್ದ ನೆಲಮಾಳಿಗೆ. ಹೋಟೆಲ್ಲಿನವರ ಮಗ ಆ ನೆಲಮಾಳಿಗೆಯನ್ನು ಖಾಲಿ ಮಾಡಿಸಿ, ಗೋಡೆಗೆ ಸ್ಪಂಜು ಬಡಿಸಿ, ನಡುವೆ ಗಾಜು ಹಾಕಿಸಿ, ರೆಕಾರ್ಡಿಂಗ್ ಸ್ಟುಡಿಯೊ ಮಾಡಿದ. ವಯಸ್ಸು ನಲವತ್ತರ ಹತ್ತಿರ. ವಿದ್ಯೆ ಎಲ್ಲ ಮೊಬೈಲಿನ ವಿಡಿಯೋ ನೋಡಿ ಕಲಿತದ್ದು. ಡ್ರಮ್ ಸೆಟ್ಟಿಗೆ ಹೊಸ ಕೇಬಲ್ಲು ಬೇಕೆಂದು ಎಂಟು ಮಾಡಿಸಿದ. ನಾನೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಕೊಟ್ಟೆ.

ಅವತ್ತು ಅಲ್ಲಿ ಒಂದು ಬ್ಯಾಂಡಿನವರಿದ್ದರು, ಊರಿನ ಇಬ್ಬರು ಮೂವರು ಸೌಂಡಿನವರೂ ಇದ್ದರು. ಮೊದಲು ಕೇಬಲ್ಲು ಕಡಿಮೆ ಇದ್ದುದರಿಂದ ಅವನು ಡ್ರಮ್ಮಿಗೆ ಮೂರು ನಾಲ್ಕು ಮೈಕ್ ಇಡುತ್ತಿದ್ದ. ಈಗ ಕೈ ತುಂಬಾ ಕೇಬಲ್ಲು. ಡ್ರಮ್ ಬಾರಿಸುವವರ ಮೊಣಕಾಲ ನಡುವೆ ಒಂದು ಚಪ್ಪಟೆ ಡ್ರಮ್ಮಿರುತ್ತದೆ, ಸ್ನೇರ್ ಅನ್ನುತ್ತಾರೆ. ಅದಕ್ಕೆ ಮೇಲೊಂದು ಮೈಕ್ ಇತ್ತು. ವಿಡಿಯೋದಲ್ಲಿ ನೋಡಿದ್ದನೋ ಏನೋ, ಕೆಳಗಿನಿಂದಲೂ ಒಂದಿಟ್ಟ. ಬಾರಿಸಿದರು. ಅವನು ಗಾಜಿನಾಚೆ ಕೂತು ಕೇಳಿದ. ಮುಖ ಕೆಟ್ಟಿತು.

“ಎಂಥದು ಮಾರಾಯ್ರೆ ಇದು, ಡಬ್ಬದ ಹಾಗೆ ಕೇಳ್ತಾ ಉಂಟು! ನಿನ್ನೆಯ ತನಕ ಸರಿ ಇತ್ತು. ಇವತ್ತು ಹೊಸತು ಎಂತ ಉಂಟು? ಕೇಬಲ್ ಒಂದೇ.” ನನ್ನ ಕಡೆ ತಿರುಗಿದ. “ಅಜ್ಜಿ, ಎರಡು ಮೂರು ಉಲ್ಟಾ ಮಾಡಿ ಇಟ್ಟಿದ್ದೀರಲ್ಲ! ಕಣ್ಣು ಕಾಣುದಿಲ್ಲಾಂದ್ರೆ ಮನೆಯಲ್ಲಿ ಕೂತ್ಕೊಳ್ಲಿಕ್ಕೆ ಆಗುದಿಲ್ವಾ?”

“ತಮ್ಮಾ, ಬಲ್ಬ್ ಹಚ್ಚಿ ನೋಡೇ ತಂದೀನಿ. ಬೇಕಾದ್ರ ನಿನ್ನ ಮುಂದನ ಮತ್ತೊಮ್ಮೆ ನೋಡೂಣು.”

“ನಿಮ್ಮ ಬಲ್ಬು ಗಣಪತಿ ಪೆಂಡಾಲಿಗೆ ಆಯ್ತಜ್ಜಿ. ಇದು ಸ್ಟುಡಿಯೊ.”

ಎಲ್ಲರೂ ನಕ್ಕರು. ಅವನು ಎಂಟೂ ಕಿತ್ತು ಬಿಸಾಕಿದ. ಹಳೆಯ ಕೇಬಲ್ಲು ಹಾಕಿದ, ಮೈಕು ಮತ್ತೆ ನಾಲ್ಕಕ್ಕೆ ಇಳಿಯಿತು. ಸದ್ದು ಸರಿಯಾಯಿತು. “ನೋಡಿದ್ರಾ?” ಅಂದ. ಅವನು ನೋಡಿದ್ದು ಕೇಬಲ್ಲು. ಮೈಕು ಕಡಿಮೆಯಾದದ್ದನ್ನು ಅವನೂ ನೋಡಲಿಲ್ಲ, ಸತ್ಯ ಹೇಳಬೇಕೆಂದರೆ ನಾನೂ ನೋಡಲಿಲ್ಲ. ಸೌಂಡಿನವರದೊಂದು ಮೊಬೈಲ್ ಗ್ರೂಪಿದೆ. ಅದರಲ್ಲಿ ಅಲ್ಲೇ ನಿಂತು ಮಾತಾಡಿ ಹಾಕಿದ: ಖಡಕಿಯ ಅಜ್ಜಿಯ ಕೇಬಲ್ಲು ಉಲ್ಟಾ ಬರುತ್ತಿದೆ, ಹುಷಾರು ಅಂತ. ನಾನು ಎದುರಿಗೇ ಇದ್ದೆ.

ತಿಂಗಳಾಗುವುದರೊಳಗೆ ನನ್ನ ಫೋನು ಸತ್ತಂತಾಯಿತು. ವರ್ಷಾನುಗಟ್ಟಲೆ ಬಂದವರು ಕೂಡ “ಈಗ ಬ್ಯಾಡ್ರಿ ಅಜ್ಜಿ” ಅಂದರು. ಒಬ್ಬರಾದರೂ ಬಲ್ಬು ಹಚ್ಚಿ ನೋಡಲಿಲ್ಲ.

ನನ್ನ ಎಂಟು ಕೇಬಲ್ಲು ವಾಪಸು ಕೊಡು ಎಂದು ಕೇಳಲು ಹೋದೆ. ಅವನಿಗೆ ಕನಿಕರ ಬಂದಿತ್ತು. “ಕೆಲಸ ಇಲ್ವಾ ಅಜ್ಜಿ? ಗುಡಿಸುವವಳು ಬಿಟ್ಟು ಹೋಗಿದ್ದಾಳೆ. ಬೇಕಾದ್ರೆ ನಾಳೆಯಿಂದ ಬನ್ನಿ. ಆದ್ರೆ ಕೇಬಲ್ ಮಾತ್ರ ಮುಟ್ಲಿಕ್ಕಿಲ್ಲ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕನಿಕರವನ್ನು ಹೇಗೆ ತಡೆದುಕೊಳ್ಳಲಿ? “ಆಗಲ್ರಿ ಸಾಹೇಬ್ರ” ಅಂದೆ. ಅವತ್ತಿನಿಂದ ಅವನಿಗೆ ತಮ್ಮಾ ಅನ್ನಲಿಲ್ಲ.

ನನ್ನ ಕೇಬಲ್ಲುಗಳು ಅಲ್ಲಿನ ಕಪಾಟಿನ ತಳದಲ್ಲಿ ಬಿದ್ದಿದ್ದವು. ಅವನು ಮೇಲೆ ನಾಷ್ಟಾ ಮಾಡುವ ಹೊತ್ತಿಗೆ ನಾನು ಕೆಳಗೆ ಗುಡಿಸುತ್ತಿದ್ದೆ. ಸೆಲ್ಲು ಬಲ್ಬು ಒಯ್ದು ಒಂದೊಂದಾಗಿ ನೋಡಿದೆ. ಎಂಟೂ ನೆಟ್ಟಗಿದ್ದವು. ಹಾಗಾದರೆ ಅವತ್ತು ಡಬ್ಬಿಯ ಸದ್ದು ಎಲ್ಲಿಂದ ಬಂತು? ತಿಳಿಯಲಿಲ್ಲ. ತಿಳಿಯುವ ತನಕ ಕಾಯುವ ತಾಳ್ಮೆಯೂ ಇರಲಿಲ್ಲ. ಉಲ್ಟಾ ಅಂದನಲ್ಲ, ಉಲ್ಟಾ ಅಂದರೆ ಏನೆಂದು ತೋರಿಸುತ್ತೇನೆ ಎಂದುಕೊಂಡೆ.

ಮನೆಯಲ್ಲಿ ಕೂತು ಒಂದು ಉಲ್ಟಾ ಕೇಬಲ್ಲು ಮಾಡಿದೆ. ನನ್ನ ಕೈ ಕೇಳಲಿಲ್ಲ. ಎರಡು ಸಲ ಕೆಂಪು ತಂತಿ ತಾನಾಗಿಯೇ ಎರಡಕ್ಕೆ ಹೋಗಿ ಕೂತಿತು. ಎರಡು ಸಲ ಬೆಸುಗೆ ಬಿಚ್ಚಿದೆ. ಮೂರನೆಯ ಸಲ ಕೈಗೆ ಬೈದು ಮಾಡಿಸಿದೆ. ದಾರ ಸುತ್ತಲಿಲ್ಲ. ಅಷ್ಟರಲ್ಲಿ ಅವನು ಅಂಗಡಿಯಿಂದ ಕರಿಯ ಕೇಬಲ್ಲು ತಂದಿದ್ದ, ನನ್ನದೂ ಕರಿಯದೇ. ರೊಟ್ಟಿಯ ಚೀಲದಲ್ಲಿಟ್ಟುಕೊಂಡು ಹೋಗಿ, ಡ್ರಮ್ ಸೆಟ್ಟಿನ ಕೆಳಗೆ ಕಸಬರಿಗೆ ಆಡಿಸುತ್ತ, ಒಂದನ್ನು ತೆಗೆದು ನನ್ನದನ್ನು ಹಾಕಿದೆ. ಯಾರ ಕಣ್ಣಿಗೂ ಬೀಳಬಾರದೆಂದು ಸ್ನೇರಿನ ತಳದ ಮೈಕಿಗೇ ಹಾಕಿದೆ. ಹೌದು, ಹೊಸ ಕೇಬಲ್ಲು ಬಂದ ಕೂಡಲೇ ಅವನು ತಳದ ಮೈಕನ್ನು ಮತ್ತೆ ಇಟ್ಟಿದ್ದ, ಬಾರಿಸಿ ಕೇಳುವುದು ಇನ್ನೂ ಬಾಕಿ ಇತ್ತು.

ಭಾನುವಾರ ಬೆಳಿಗ್ಗೆ ಒಬ್ಬಳು ಹುಡುಗಿ ಡ್ರಮ್ ಬಾರಿಸಲು ಬರುತ್ತಿದ್ದಳು. ಮೈಸೂರಿನ ಕಡೆಯವಳು, ಹಡಪಸರದ ಆಫೀಸಿನಲ್ಲಿ ಕೆಲಸ. ಬಾರಿಸಿದಳು. ನಾನು ಕಸಬರಿಗೆ ಹಿಡಿದು ಬಾಗಿಲ ಬಳಿ ನಿಂತೆ, ಅವನ ಮುಖ ನೋಡಲು.

ಸದ್ದು ತುಂಬಿ ಬಂತು. ನೆಲ ನಡುಗಿತು. ಅವನು ಕುರ್ಚಿಯಿಂದ ಎದ್ದೇಬಿಟ್ಟ.

“ಕೇಳಿ, ಕೇಳಿ! ಇದಕ್ಕೆ ಹೇಳುದು ಸ್ನೇರ್ ಅಂತ! ಕಂಪನಿ ಕೇಬಲ್ ಅಂದ್ರೆ ಕಂಪನಿ ಕೇಬಲ್. ಕೇಳಿದ್ರಾ ಅಜ್ಜಿ, ವ್ಯತ್ಯಾಸ ಗೊತ್ತಾಯ್ತಾ?”

“ಗೊತ್ತಾತ್ರಿ” ಅಂದೆ. ಏನೂ ಗೊತ್ತಾಗಿರಲಿಲ್ಲ. ಉಲ್ಟಾ ಹಾಕಿದರೆ ಸರಿಯಾಗುವುದೆಂದರೇನು? ಮನೆಗೆ ಹೋಗಿ ಊಟ ಮಾಡಲಿಲ್ಲ. ಹಾಳು ಮಾಡಲು ಹೋದವಳು ರಿಪೇರಿ ಮಾಡಿ ಬಂದಿದ್ದೆ.

ಮುಂದಿನ ಭಾನುವಾರ ಅವನು ಮೇಲೆ ಹೋದಾಗ ಆ ಹುಡುಗಿಯನ್ನು ಕೇಳಿದೆ. “ಅವ್ವಾ, ಒಂದ ಡ್ರಮ್ಮಿಗೆ ಮ್ಯಾಲೊಂದು ಕೆಳಗೊಂದು ಮೈಕ್ ಯಾಕ?”

“ಅಜ್ಜಿ, ನಿಮಗೂ ಡ್ರಮ್ಸ್ ಹುಚ್ಚಾ?” ಎಂದು ನಕ್ಕಳು. “ಮೇಲಿನದಕ್ಕೆ ಏಟಿನ ಸೌಂಡ್ ಸಿಗತ್ತೆ. ಕೆಳಗೆ ಈ ತಂತಿಗಳಿವೆ ನೋಡಿ, ಆ ಚರಚರ ಕೆಳಗಿನದಕ್ಕೆ ಸಿಗತ್ತೆ. ಬನ್ನಿ ಇಲ್ಲಿ. ಒಂದು ಬೆರಳು ಮೇಲೆ, ಒಂದು ಬೆರಳು ಕೆಳಗೆ, ಸುಮ್ನೆ ತಾಗಿಸಿ ಹಿಡ್ಕೊಳಿ.”

ಹಿಡಿದೆ. ಅವಳು ಕೋಲಿನಿಂದ ಒಂದು ಏಟು ಹಾಕಿದಳು. ಮೇಲಿನ ಚರ್ಮ ನನ್ನ ಬೆರಳನ್ನು ಬಿಟ್ಟು ಕೆಳಗೆ ಓಡಿತು. ಅದೇ ಗಳಿಗೆಗೆ ಕೆಳಗಿನ ಚರ್ಮ ಇನ್ನೊಂದು ಬೆರಳನ್ನು ಒದ್ದಿತು.

“ಗೊತ್ತಾಯ್ತಾ? ಒಂದೇ ಏಟು, ಮೇಲಿನ ಮೈಕಿಗೆ ಎಳೆದ ಹಾಗೆ, ಕೆಳಗಿನದಕ್ಕೆ ತಳ್ಳಿದ ಹಾಗೆ. ಹಾಗೇ ಬಿಟ್ರೆ ಎರಡೂ ಒಂದನ್ನೊಂದು ತಿಂದುಬಿಡ್ತವೆ. ಅದಕ್ಕೇ ಕೆಳಗಿನದನ್ನ ಫ್ಲಿಪ್, ಅಂದ್ರೆ ಉಲ್ಟಾ ಮಾಡ್ಬೇಕು, ಕಂಪ್ಯೂಟರಲ್ಲಿ ಒಂದು ಬಟನ್ ಒತ್ತಿದ್ರೆ ಆಯ್ತು. ಇವ್ರು ಮಾಡಿರ್ತಾರೆ ಬಿಡಿ, ಸೌಂಡ್ ಸೂಪರಾಗಿ ಬರ್ತಿದೆ.”

ಅವನು ಮಾಡಿರಲಿಲ್ಲ. ಅವನಿಗೆ ಆ ಬಟನ್ನು ಯಾಕಿದೆ ಎಂದೇ ಗೊತ್ತಿರಲಿಲ್ಲ. ಮೊದಲ ದಿನ ನನ್ನ ಕೇಬಲ್ಲುಗಳು ನೆಟ್ಟಗಿದ್ದವು, ತಳದ ಮೈಕ್ ತಿರುಗಿಸುವವರಿರಲಿಲ್ಲ, ಅದಕ್ಕೇ ಡಬ್ಬಿಯ ಸದ್ದು. ಈಗ ಬಟನ್ನಿನ ಕೆಲಸವನ್ನು ನನ್ನ ಉಲ್ಟಾ ಕೇಬಲ್ಲು ಮಾಡುತ್ತಿತ್ತು. ತಪ್ಪು ಅವನದು, ಹೆಸರು ಕೆಟ್ಟದ್ದು ನನ್ನದು, ಹೊಗಳಿಕೆ ಅಂಗಡಿಯ ಕೇಬಲ್ಲಿಗೆ.

ಅಲ್ಲೇ ಅದನ್ನು ಕಿತ್ತೆಸೆಯುವ ಮನಸ್ಸಾಯಿತು. ಕಿತ್ತಿದ್ದರೆ ನೋಡುವವರು ಯಾರು? ಒಬ್ಬಳು ಹುಡುಗಿ. ನನ್ನ ಹೆಸರು ಕೆಟ್ಟದ್ದು ಅಷ್ಟು ಚಿಕ್ಕ ಸಭೆಯಲ್ಲಲ್ಲ. ಸುಮ್ಮನೆ ಒದ್ದೆ ಬಟ್ಟೆ ಹಿಂಡಿ ನೆಲ ಒರೆಸಿದೆ.

ಆಮೇಲಿನ ತಿಂಗಳುಗಳಲ್ಲಿ ನಾನು ಆ ಕೇಬಲ್ಲನ್ನು ಎಳೆಗೂಸಿನ ಹಾಗೆ ಕಾದೆ. ಅವನು ಸಾಮಾನು ಬಿಚ್ಚಿಟ್ಟಾಗಲೆಲ್ಲ ಮರುದಿನ ಅದು ಸ್ನೇರಿನ ತಳಕ್ಕೇ ಬರುವಂತೆ ನೆಲದ ಮೇಲೆ ಹಾಸಿಡುತ್ತಿದ್ದೆ. “ಅಜ್ಜಿಗೆ ಜಾಗ ಎಲ್ಲ ಬಾಯಿಪಾಠ ಉಂಟು” ಎಂದು ಮೆಚ್ಚಿದ. ಕೇಬಲ್ಲು ಮುಟ್ಟಬಾರದು ಅಂದದ್ದು ಮರೆತಿದ್ದ. ಅವನ ಡ್ರಮ್ಮಿನ ಸದ್ದಿಗೆ ಹೆಸರು ಬಂತು. ಬಾನೇರಿನಿಂದ, ಚಿಂಚವಡದಿಂದ ಬ್ಯಾಂಡಿನವರು ಬರತೊಡಗಿದರು. ಬರಲಿ ಎಂದುಕೊಂಡೆ. ಇವನು ಇನ್ನೂ ಉಬ್ಬಲಿ.

ಉಬ್ಬಿದ. ಒಂದು ಭಾನುವಾರ ಆ ಗ್ರೂಪಿನ ಸೌಂಡಿನವರನ್ನೆಲ್ಲ ಕರೆದ. ಮೇಲೆ ಎಲ್ಲರಿಗೂ ಬನ್ಸು, ಕಾಫಿ. ಆಮೇಲೆ ಕೆಳಗೆ ಬಂದು ತನ್ನ ಡ್ರಮ್ಮಿನ ಸದ್ದು ಕೇಳಬೇಕು. ಬಾರಿಸುವವಳು ಆ ಹುಡುಗಿ. ಮೊದಲ ದಿನ ನಕ್ಕವರೂ ಅಲ್ಲಿದ್ದರು. ನನ್ನ ಗಂಡನ ಜೊತೆ ಪೆಂಡಾಲುಗಳಲ್ಲಿ ದುಡಿದ ಒಬ್ಬ ಮರಾಠಿ ಮುದುಕನೂ ಬಂದಿದ್ದ, ನನಗೆ ವಹಿನಿ, ಅಂದರೆ ಅತ್ತಿಗೆ, ಅನ್ನುವವನು. ನನ್ನ ಕೈಯಲ್ಲಿ ಕಸಬರಿಗೆ ನೋಡಿ ಮುಖ ತಿರುಗಿಸಿದ. ಅವನೂ ಆ ಗ್ರೂಪಿನ ಮಾತು ನಂಬಿ ನನ್ನನ್ನು ಬಿಟ್ಟವನೇ.

ಅವರು ಮೇಲೆ ತಿನ್ನುತ್ತಿದ್ದಾಗ ನಾನು ಉಲ್ಟಾ ಕೇಬಲ್ಲು ತೆಗೆದು ಚೀಲಕ್ಕೆ ಹಾಕಿದೆ. ಕಪಾಟಿನಿಂದ ನನ್ನ ಹಸಿರು ದಾರದ್ದೊಂದನ್ನು ತಂದು ಹಚ್ಚಿದೆ. ನೆಟ್ಟಗಿನದು, ಬಲ್ಬು ನೋಡಿದ್ದು.

ಎಲ್ಲರೂ ಗಾಜಿನ ಕೋಣೆಯಲ್ಲಿ ಕಿಕ್ಕಿರಿದರು. ಅವನು ಕೈ ಎತ್ತಿ ಸನ್ನೆ ಮಾಡಿದ. ಹುಡುಗಿ ಬಾರಿಸಿದಳು.

ಡಬ್ಬಿ. ಖಾಲಿ ಎಣ್ಣೆ ಡಬ್ಬಿ.

ಯಾರೋ ಕೆಮ್ಮಿದರು. ಅವನು ಅದನ್ನು ಒತ್ತಿದ, ಇದನ್ನು ತಿರುಗಿಸಿದ, ಇನ್ನೊಮ್ಮೆ ಬಾರಿಸು ಅಂದ. ಮತ್ತೆ ಡಬ್ಬಿ. ಹಣೆಯಲ್ಲಿ ಬೆವರು ಕಂಡಿತು. ನನಗೆ ಅದನ್ನು ಇನ್ನಷ್ಟು ಹೊತ್ತು ನೋಡಬೇಕಿತ್ತು, ಸುಮ್ಮನೆ ಗೋಡೆಗೆ ಒರಗಿ ನಿಂತೆ. ಕೊನೆಗೆ ಒಳಗೆ ಓಡಿ ಡ್ರಮ್ಮಿನ ಬುಡಕ್ಕೆ ಬಗ್ಗಿ ನೋಡಿದ. ಹಸಿರು ದಾರ ಕಂಡಿತು.

“ಅಜ್ಜೀ! ನೀವು ಹಾಕಿದ್ದಾ ಇದು?”

“ಹೌದ್ರಿ ಸಾಹೇಬ್ರ, ನಾನ ಹಚ್ಚೀನಿ.”

“ನೋಡಿ, ಎಲ್ರೂ ನೋಡಿ! ನಾನು ಅವತ್ತೇ ಹೇಳಿದ್ದಲ್ವಾ, ಇವರದ್ದು ಉಲ್ಟಾ ಅಂತ! ಪಾಪ ಅಂತ ಕೆಲಸ ಕೊಟ್ರೆ ನನ್ನ ಬುಡಕ್ಕೇ ತಂದ್ರಲ್ಲ!”

“ಉಲ್ಟಾ ಐತೋ ನೆಟ್ಟಗೈತೋ ಎಲ್ಲಾರ ಮುಂದ ನೋಡೂಣಲ್ರಿ. ಅವತ್ತ ಬ್ಯಾಡ ಅಂದ್ರಿ. ಇವತ್ತಾರ ನೋಡ್ರಿ.”

ಆ ಮುದುಕ ಮುಂದೆ ಬಂದ. “ವಹಿನೀ, ಬಲ್ಬ ಆಣಲಾ ಕಾ?” ಅಂದ, ಬಲ್ಬು ತಂದಿದ್ದೀಯಾ ಅಂತ. ಕೊಟ್ಟೆ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಅವನೇ ಹಚ್ಚಿದ. ಒಂದಕ್ಕೆ ಒಂದು, ಹತ್ತಿತು. ಎರಡಕ್ಕೆ ಎರಡು, ಹತ್ತಿತು. ಮೂರಕ್ಕೆ ಮೂರು, ಹತ್ತಿತು. ಎರಡಕ್ಕೂ ಮೂರಕ್ಕೂ ಹಚ್ಚಿದ, ಹತ್ತಲಿಲ್ಲ. ಕೇಬಲ್ಲು ಎತ್ತಿ ಹಿಡಿದು “ಸರಳ ಆಹೇ” ಅಂದ. ನೆಟ್ಟಗಿದೆ.

ನಾನು ಚೀಲದಿಂದ ಇನ್ನೊಂದನ್ನು ತೆಗೆದೆ. “ಈಗ ಇದನ್ನ ನೋಡ್ರಿ.”

ಎರಡಕ್ಕೆ ಎರಡು ಹಚ್ಚಿದ. ಕತ್ತಲೆ. ಎರಡಕ್ಕೆ ಮೂರು ಹಚ್ಚಿದ. ಬಲ್ಬು ಹತ್ತಿತು.

“ಇದು ಉಲ್ಟಾ,” ಅಂದೆ. “ನಾನ ಮಾಡೀನಿ, ಬೇಕಂತನ ಮಾಡೀನಿ. ಇಷ್ಟು ತಿಂಗಳು ಈ ಸಾಹೇಬ್ರು ಕಂಪನಿ ಕೇಬಲ್ಲು ಅಂತ ಮೆರದ್ರಲ್ಲ, ಡ್ರಮ್ಮಿನ ಹೊಟ್ಟಿ ಕಾಯ್ದದ್ದು ಇದು. ಹಚ್ಚಿ ಕೇಳ್ರಿ.”

ಮೊದಲು ತಿಳಿದದ್ದು ಆ ಹುಡುಗಿಗೆ. ಕೋಲು ಕೈಯಲ್ಲಿ ಹಿಡಿದು ಎದ್ದು ಬಂದಳು. “ಒಂದ್ನಿಮಿಷ... ಸರ್, ನೀವು ಬಾಟಮ್ ಮೈಕ್ ಫ್ಲಿಪ್ಪೇ ಮಾಡ್ತಿರ್ಲಿಲ್ವಾ? ಇಷ್ಟು ದಿನ?”

ಮುದುಕ ಉಲ್ಟಾ ಕೇಬಲ್ಲು ಹಚ್ಚಿದ. ಹುಡುಗಿ ಹೋಗಿ ಒಂದೇ ಒಂದು ಏಟು ಹಾಕಿದಳು. ನೆಲ ನಡುಗಿತು. ಆಗ ನಕ್ಕರು ನೋಡಿ ಎಲ್ಲರೂ. ಅವತ್ತು ನನಗೆ ನಕ್ಕಿದ್ದಕ್ಕಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು. ಅವನ ಕಿವಿಗಳು ಕೆಂಪಾದವು. ನಾನು ನಗಲಿಲ್ಲ. ಕಣ್ಣು ಮಿಟುಕಿಸದೆ ನೋಡಿದೆ, ಅಷ್ಟೇ.

“ಆಯ್ತಜ್ಜಿ, ನನ್ನದೇ ತಪ್ಪು. ಬಿಟ್ಟುಬಿಡಿ” ಅಂದ, ಸಣ್ಣ ದನಿಯಲ್ಲಿ.

“ಗ್ರೂಪಿನ್ಯಾಗ ಮಾತಾಡಿ ಹಾಕ್ರಿ.”

“ಇಷ್ಟು ಮಂದಿ ಎದುರು ಹೇಳಿದೆನಲ್ಲ, ಇನ್ನು ಗ್ರೂಪಿನಲ್ಲಿ ಯಾಕೆ?”

“ನನ್ನ ಹೆಸರು ಎಲ್ಲಿ ಕೆಡಿಸಿದ್ರಿ? ಅಲ್ಲೇ ತೊಳೀರಿ.”

ಅವನು ಎಲ್ಲರ ಮುಖ ನೋಡಿದ. ಫೋನು ಬಾಯಿಯ ಹತ್ತಿರ ಹಿಡಿದು ಗುಣುಗುಣು ಅಂದ. “ಕೇಳೂದಿಲ್ಲ, ಮತ್ತೊಮ್ಮೆ” ಅಂದೆ. ಎರಡನೆಯ ಸಲ ಸರಿಯಾಗಿ ಹೇಳಿದ, ಮರಾಠಿಯಲ್ಲಿ: ಖಡಕಿಯ ಅಜ್ಜಿಯ ಕೇಬಲ್ಲು ಸರಿ ಇತ್ತು, ಡ್ರಮ್ಮಿಗೆ ಮೈಕ್ ಇಡಲು ನನಗೇ ಬರುತ್ತಿರಲಿಲ್ಲ. ಕೋಣೆಯಲ್ಲಿದ್ದ ಎಲ್ಲರ ಜೇಬಿನಲ್ಲೂ ಫೋನುಗಳು ಟಿಣ್ ಅಂದವು. ಅಂಥ ಇಂಪಾದ ಸದ್ದು ನಾನು ಕೇಳಿಲ್ಲ.

ಆಮೇಲೆ ಉಲ್ಟಾ ಕೇಬಲ್ಲನ್ನು ಬಿಚ್ಚಿ, ಚೀಲದಿಂದ ಕಟ್ಟರ್ ತೆಗೆದು, ಅವನ ಕಣ್ಣ ಮುಂದೆಯೇ ನಡುವೆ ಕತ್ತರಿಸಿದೆ. “ಅಯ್ಯೋ, ಎಂತ ಮಾಡ್ತಾ ಇದ್ದೀರಿ!” ಅಂದ. ಬಟನ್ ಒತ್ತಿದರೆ ಸಾಕಿತ್ತು, ಆದರೂ ಅವನ ಜೀವ ಆ ಕೇಬಲ್ಲಿನಲ್ಲಿತ್ತು. ನನ್ನ ಎಂಟೂ ಕೇಬಲ್ಲು ಹೊತ್ತುಕೊಂಡು ಮೆಟ್ಟಿಲು ಹತ್ತಿದೆ.

ಮೇಲೆ ರಸ್ತೆಯಲ್ಲಿ ಹುಡುಗಿ ಹಿಂದೆಯೇ ಬಂದಳು. ಅವಳು ಖುಷಿಯಲ್ಲಿರಲಿಲ್ಲ.

“ಅಜ್ಜಿ, ಎರಡು ತಿಂಗಳು ಪ್ರ್ಯಾಕ್ಟೀಸ್ ಮಾಡಿದ್ದೆ ನಾನು. ಊರಿನ ಸೌಂಡವರೆಲ್ಲ ಬಂದಿದ್ರು. ನಾನು ಬಾರಿಸಿದ್ದು ಡಬ್ಬಿ ಥರ ಕೇಳಿಸ್ತು. ನನಗೆ ಹೇಳಬಹುದಿತ್ತಲ್ವಾ?”

“ಹೇಳಿದ್ರ ನೀ ತಡೀತಿದ್ದಿ.”

“ತಡೀತಿದ್ದೆ.”

“ಅದಕ್ಕ ಹೇಳಲಿಲ್ಲ.”

ಅವಳು ಸ್ಕೂಟಿ ಹತ್ತಿ ಹೋದಳು. ಮತ್ತೆ ನನ್ನೊಡನೆ ಮಾತಾಡಿಲ್ಲ. ಅವಳ ಮಾತು ನ್ಯಾಯವೇ. ಆದರೂ ಆ ದಿನ ಮತ್ತೆ ಬಂದರೆ ಹಾಗೇ ಮಾಡುತ್ತೇನೆ.

ವಾರದೊಳಗೆ ಫೋನು ಬರತೊಡಗಿತು. ಮೊದಲು ಮಾಡಿದವನು ಆ ಮುದುಕ. “ಇಷ್ಟು ದಿನ ಎಲ್ಲಿ ಸತ್ತಿದ್ದೆ?” ಎಂದು ಬೈದೆ, ಕೇಬಲ್ಲು ಮಾಡಿಕೊಟ್ಟೆ. ಈಗ ಹಲಗೆಯ ಮುಂದೆ ಕೂರಲು ಹೊತ್ತು ಸಾಲುವುದಿಲ್ಲ. ಕಣ್ಣಿಗೆ ದಪ್ಪ ಕನ್ನಡಕ ಬಂದಿದೆ.

ಹೋದ ತಿಂಗಳು ಹೋಟೆಲ್ಲಿನವರ ಮಗ ಖಡಕಿಗೇ ಬಂದ. ಗಲ್ಲಿಯಲ್ಲಿ ಸ್ಕೂಟರ್ ಬರುವುದಿಲ್ಲ, ನಡೆದು ಬಂದಿದ್ದ. ಕೈಯಲ್ಲಿ ಹಲ್ವದ ಪೊಟ್ಟಣ. ಅಂಗಡಿಯ ಕೇಬಲ್ಲುಗಳು ಒಂದೊಂದಾಗಿ ಕೈ ಕೊಡುತ್ತಿವೆಯಂತೆ, ಹನ್ನೆರಡು ಬೇಕಂತೆ.

“ನಿಮ್ಮದೇ ಬೇಕು ಅಜ್ಜಿ. ಹಳೆಯದೆಲ್ಲ ಮರೆತುಬಿಡಿ.”

“ಕಂಪನೀವು ಚಲೋ ಇರ್ತಾವಲ್ರಿ.”

“ಅಜ್ಜಿ...”

“ನಿಮಗ ನಾ ಮಾಡೂದಿಲ್ರಿ ಸಾಹೇಬ್ರ. ಬಿಸಿಲ ಭಾಳ ಅದ, ಹೋಗ್ರಿ.”

ನಾನು ಒಳಗೆ ಕರೆಯಲಿಲ್ಲ. ರೊಟ್ಟಿ ಆರುತ್ತಿತ್ತು, ಕೂತು ತಿಂದೆ.